ಕ್ಯಾಸೆಟ್ ಬರುವತನಕ ಕಥೆ ಹೇಳಬೇಡಿ

ಒಂದು ಒಳ್ಳೆಯ ಕನ್ನಡ ಸಿನಿಮಾ ಥಿಯೇಟರಿನಿಂದ ಬೇಗ ಎತ್ತಂಗಡಿಯಾಗಲಿ ಎಂದು ದೇವರಲ್ಲಿ ಬೇಡಿಕೊಂಡ ಕನ್ನಡಿಗ ನಾನೊಬ್ಬನೇ ಇರಬೇಕು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ದೋಹಾದ ಮದೀನತ್ ಖಲೀಫಾ ಬಡಾವಣೆಯ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದ ವೆಂಕಟರಮಣನ ಪಟಕ್ಕೆ ಕೈಮುಗಿದು, "ಅಪ್ಪಾ, ಈ ವಾರವಾದರೂ ಜನ ಕಮ್ಮಿಯಾಗಲಿ" ಎಂದು ಕೇಳಿಕೊಳ್ಳುತ್ತಿದ್ದೆ. ಕಾರಣ ತಿಳಿದರೆ ನೀವು ನನ್ನನ್ನು ಕ್ಷಮಿಸಬಹುದು. ಕ್ಷಮಿಸದಿದ್ದರೂ ಪರವಾಗಿಲ್ಲ, ಮನೆಯಲ್ಲಿ ಒಬ್ಬರು ಇನ್ನೂ ಕ್ಷಮಿಸಿಲ್ಲ, ಅಭ್ಯಾಸವಾಗಿದೆ.

ತೊಂಬತ್ತರ ದಶಕದ ನಡುವಿನ ಮಾತು. ಆಗ ದೋಹಾದ ಟಾಕೀಸುಗಳಿಗೆ ಹಿಂದಿ ಬರುತ್ತಿತ್ತು, ಮಲಯಾಳಂ ಬರುತ್ತಿತ್ತು. ಕನ್ನಡ ಬರಬೇಕೆಂದರೆ ಯಾರದಾದರೂ ಸೂಟ್‌ಕೇಸಿನಲ್ಲಿ, ಸೀರೆಗಳ ಮಡಿಕೆಯಲ್ಲಿ, ಕ್ಯಾಸೆಟ್ಟಾಗಿ ಬರಬೇಕಿತ್ತು. ಆ ವರ್ಷ ಊರಿನಲ್ಲಿ ಒಂದು ಚಿತ್ರ ಬಂದಿತ್ತು. ಹೇಳದೆ ಕೇಳದೆ ಮನೆ ಬಿಟ್ಟು ಹೋದ ಗಂಡ, ಬಸ್ ಸ್ಟ್ಯಾಂಡಿನ ಎದುರು ಸಣ್ಣ ಹೋಟೆಲು ಇಟ್ಟುಕೊಂಡು ಹನ್ನೊಂದು ವರ್ಷ ಕಾಯುವ ಹೆಂಡತಿ. ಅವನು ಬರುತ್ತಾನೋ ಇಲ್ಲವೋ? ಪತ್ರಿಕೆಗಳೆಲ್ಲ ಹೊಗಳಿದ್ದವು, ಪ್ರಶಸ್ತಿಗಳೂ ಬಂದಿದ್ದವು. ಆದರೆ ಚಿತ್ರ ಥಿಯೇಟರಿನಲ್ಲಿ ಓಡುತ್ತಿರುವವರೆಗೆ ಕ್ಯಾಸೆಟ್ ಬಿಡುವುದಿಲ್ಲ ಎಂದು ನಿರ್ಮಾಪಕರು ಹಟ ಹಿಡಿದಿದ್ದರಂತೆ. ಮೈಸೂರಿನಲ್ಲಿದ್ದ ನನ್ನ ಹೆಂಡತಿಯ ತಮ್ಮ ನಾಗರಾಜ ಪ್ರತಿ ಪತ್ರದಲ್ಲೂ, "ಭಾವ, ಇನ್ನೂ ಹೌಸ್‌ಫುಲ್!" ಎಂದು ಸಂಭ್ರಮದಿಂದ ಬರೆಯುತ್ತಿದ್ದ. ಓದಿ ನನ್ನ ಹೊಟ್ಟೆ ಉರಿಯುತ್ತಿತ್ತು. ಒಂದೇ ಚಿತ್ರವನ್ನು ಮೈಸೂರಿನ ಜನ ಎಷ್ಟು ಸಲ ನೋಡುತ್ತಾರೆ? ಅವರಿಗೆ ಮನೆಯಲ್ಲಿ ಕೆಲಸವಿಲ್ಲವೇ?

ಸಿನಿಮಾಕ್ಕೆ ಇಷ್ಟು ಒದ್ದಾಟವೇ ಎಂದು ನೀವು ಕೇಳಬಹುದು. ಗಲ್ಫಿನಲ್ಲಿರುವವರಿಗೆ ಊರಿನದೆಲ್ಲ ತಂಗಳಾಗಿಯೇ ಸಿಗುತ್ತದೆ. ನನ್ನ ತಂಗಿಯ ಮಗುವಿನ ನಾಮಕರಣದ ಫೋಟೋ ನಮಗೆ ತಲುಪಿದಾಗ ಆ ಮಗು ಓಡಾಡಿ ಹೂಕುಂಡ ಒಡೆದಾಗಿತ್ತು. ಇದೊಂದನ್ನಾದರೂ ಊರಿನವರ ಹಾಗೆ, ಮುಂದೇನಾಗುತ್ತದೆಂದು ತಿಳಿಯದೆ, ಉಸಿರು ಬಿಗಿಹಿಡಿದು ನೋಡಬೇಕೆಂಬ ಆಸೆ ನನಗಿತ್ತು. ನನ್ನ ಹೆಂಡತಿ ವಿಶಾಲುವಿಗೆ ನನಗಿಂತ ಹೆಚ್ಚಾಗಿತ್ತು. ಅವಳ ಅಕ್ಕ ಬರೆದ ಪತ್ರದ ಎರಡನೆಯ ಹಾಳೆ "ಮೊನ್ನೆ ಆ ಸಿನಿಮಾ ನೋಡಿದ್ವಿ ಕಣೇ" ಎಂದು ಶುರುವಾಗಿತ್ತು. ಅಷ್ಟೇ ಓದಿ, ಹಾಳೆ ಮಡಿಚಿ, ಪಂಚಾಂಗದೊಳಗೆ ಇಟ್ಟುಬಿಟ್ಟಳು. ಮೂರು ತಿಂಗಳು ಅದನ್ನು ಮುಟ್ಟಲಿಲ್ಲ. ಒಡಹುಟ್ಟಿದ ಅಕ್ಕನ ಪತ್ರ! ನನಗೆ ಬಂದ ಆಫೀಸಿನ ಮೆಮೋವನ್ನೂ ಬಿಡದೆ ಓದುವ ಹೆಂಗಸು ಅವಳು.

ಹಾಗಾಗಿ ಮನೆಯಲ್ಲಿ ನಾನೊಂದು ಕಾನೂನು ಮಾಡಿದೆ. ಆ ಚಿತ್ರ ನೋಡಿದವರು ನಮ್ಮ ಹೊಸ್ತಿಲು ದಾಟಿದ ಮೇಲೆ ಅದರ ಬಗ್ಗೆ ತುಟಿ ಬಿಚ್ಚಬಾರದು. ಈ ಕಾನೂನಿನಿಂದ ಅತಿ ಹೆಚ್ಚು ನರಳಿದವರು ಕೋಟ್ಯಾನರು. ದೋಹಾದ ಹೊರವಲಯದ ಉಮ್ಮ್ ಸಲಾಲಿನಲ್ಲಿ ಏಸಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಈ ಮನುಷ್ಯ ರಜೆಗೆ ಊರಿಗೆ ಹೋದಾಗ ಮಂಗಳೂರಿನಲ್ಲಿ ಆ ಚಿತ್ರವನ್ನು ಎರಡು ಸಲ ನೋಡಿಬಂದಿದ್ದರು. ಒಂಟಿ ಆಸಾಮಿ, ಶುಕ್ರವಾರದ ಊಟ ನಮ್ಮಲ್ಲೇ.

"ಎಂತ ಮಾರಾಯ್ರೆ, ಒಂಚೂರು ಮಾತ್ರ ಹೇಳ್ತೇನೆ. ಕೊನೆಗೆ ಅವ..."

"ಕೋಟ್ಯಾನರೇ!"

"ಆಯ್ತು, ಹೇಳುದಿಲ್ಲ. ಹೇಳದೆ ಇರ್ಲಿಕ್ಕೂ ನಂಗೆ ಆಗುದಿಲ್ಲ. ಸ್ವಲ್ಪ ಸಾರು ಹಾಕಿ ಅಕ್ಕ."

ಬಾಯಿ ಮುಚ್ಚಿಸಬಹುದು, ಮುಖವನ್ನು ಏನು ಮಾಡುವುದು? ಒಂದು ವಾರ ಚಿತ್ರದ ಹೆಸರು ಬಂದಾಗ "ಪಾಪ" ಎಂದು ನಿಟ್ಟುಸಿರು ಬಿಟ್ಟರು. ಹಾಗಾದರೆ ಗಂಡ ಬರುವುದಿಲ್ಲ ಎಂದು ನಾನು ವಾರವಿಡೀ ಕೊರಗಿದೆ. ಮರುವಾರ ತಮ್ಮಷ್ಟಕ್ಕೆ ಮುಸಿಮುಸಿ ನಕ್ಕರು. ಹಾಗಾದರೆ ಬರುತ್ತಾನೆ! ಆಫೀಸಿನಲ್ಲಿ ಟೆಂಡರಿನ ಅಂದಾಜು ಹಾಕುವುದು ಬಿಟ್ಟು ಕೋಟ್ಯಾನರ ಹುಬ್ಬುಗಳ ಅಂದಾಜು ಹಾಕುತ್ತ ಕೂತಿರುತ್ತಿದ್ದೆ. ಕೊನೆಗೆ, ಊಟದ ಹೊತ್ತಿಗೆ ತಟ್ಟೆಯ ಕಡೆ ಮಾತ್ರ ನೋಡಬೇಕೆಂದು ಕಾನೂನಿಗೆ ಒಂದು ತಿದ್ದುಪಡಿ ತಂದೆ.

ಅಂತೂ ಚಿತ್ರ ಎತ್ತಂಗಡಿಯಾದ ಸುದ್ದಿ ಬಂತು. ನಾನು ಆಫೀಸಿನಲ್ಲಿ ಲಡ್ಡು ಹಂಚಿದೆ. ಪಕ್ಕದ ಮೇಜಿನ ಮಲಯಾಳಿ, ಗಂಡೋ ಹೆಣ್ಣೋ ಎಂದು ಕೇಳಿದ. ನಾಗರಾಜ ಕೊಂಡ ಕ್ಯಾಸೆಟ್ಟನ್ನು ದೂರದ ದುಖಾನ್ ಊರಿನ ಎಣ್ಣೆ ಕಂಪನಿಯಲ್ಲಿದ್ದ ಶ್ರೀಕಂಠಯ್ಯ ರಜೆ ಮುಗಿಸಿ ಬರುವಾಗ ತಂದರು. ಆದರೆ ನನ್ನ ಕೈಗೆ ಅವರು ಇಟ್ಟದ್ದು ಒಂದು ಚೀಟಿ. ಹೊರಗಿನಿಂದ ಬರುವ ಕ್ಯಾಸೆಟ್ಟುಗಳನ್ನು ವಿಮಾನ ನಿಲ್ದಾಣದಲ್ಲಿ ಇಟ್ಟುಕೊಂಡು, ನೋಡಬಾರದ್ದೇನಾದರೂ ಇದೆಯೇ ಎಂದು ಪರೀಕ್ಷಿಸಿ, ಆಮೇಲೆ ಕೊಡುವುದು ಆಗಿನ ಪದ್ಧತಿ. ಚೀಟಿ ಹಿಡಿದು ಹೋದೆ. "ಬುಕ್ರಾ," ಎಂದರು. ಅಂದರೆ ನಾಳೆ. ಮರುದಿನ ಹೋದೆ. ಮತ್ತೆ "ಬುಕ್ರಾ." ಮೂರನೆಯ ಸಲ ಕೌಂಟರಿನಲ್ಲಿದ್ದ ಮನುಷ್ಯ ಕ್ಯಾಸೆಟ್ ಕೊಡುತ್ತ, ನನ್ನನ್ನು ಆತ್ಮೀಯವಾಗಿ ನೋಡಿ, "ಫಿಲಂ ಬಹುತ್ ಅಚ್ಛಾ. ಪೂರಾ ದೇಖಾ. ಲಾಸ್ಟ್ ಮೇ ವೋ ಆದ್ಮಿ..." ಎಂದು ಶುರು ಮಾಡಿದ.

"ಖಲಾಸ್, ಖಲಾಸ್! ಶುಕ್ರನ್!" ಎಂದು ನನಗೆ ಬರುವ ಅರಬ್ಬಿಯಲ್ಲಿ ಸಾಕು ಮಾಡಿಸಿ, ಥ್ಯಾಂಕ್ಸೂ ಹೇಳಿ, ಕ್ಯಾಸೆಟ್ ಕಿತ್ತುಕೊಂಡು ಓಡಿದೆ. ಕನ್ನಡದ ಒಂದಕ್ಷರ ಬಾರದವನೂ ನನಗಿಂತ ಮೊದಲು ನೋಡಿ ಮೆಚ್ಚಿದ್ದ!

ಶುಕ್ರವಾರ ಮಧ್ಯಾಹ್ನಕ್ಕೆ ಕೋಟ್ಯಾನರನ್ನೂ ಶ್ರೀಕಂಠಯ್ಯ ದಂಪತಿಯನ್ನೂ ಕರೆದೆವು. ವಿಶಾಲು ಬಿಸಿಬೇಳೆಬಾತು ಮಾಡಿದಳು, ಕುರ್ಚಿಗಳನ್ನು ಸಾಲಾಗಿ ಇಟ್ಟಳು, ನಿಜವಾದ ಥಿಯೇಟರಿಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟಳು. "ರೀ, ಎಲ್ರೂ ಬರೋತನಕ ಕ್ಯಾಸೆಟ್ ಮುಟ್ಬೇಡಿ," ಎಂದು ಹೇಳಿ ಹಪ್ಪಳ ಕರಿಯಲು ಹೋದಳು.

ಮುಟ್ಟದೆ ಇರಲು ಸಾಧ್ಯವೇ? ಪಿಕ್ಚರ್ ಸರಿಯಾಗಿ ಬರುತ್ತದೋ ಇಲ್ಲವೋ, ದುಖಾನಿನಿಂದ ಅಷ್ಟು ದೂರ ಬಂದವರ ಎದುರು ಮಾನ ಹೋಗಬಾರದಲ್ಲ. ಒಂದೇ ನಿಮಿಷ ಎಂದುಕೊಂಡು ಕ್ಯಾಸೆಟ್ ತುರುಕಿ ಗುಂಡಿ ಒತ್ತಿದೆ. ತೆರೆಯ ತುಂಬ ಬರೀ ಚುಕ್ಕೆಗಳು ಬಂದವು, ಸ್ವಲ್ಪ ಹಿಂದಕ್ಕೆ ಓಡಿಸಿ ಮತ್ತೆ ಒತ್ತಿದೆ. ನರೆಗೂದಲಿನ ಒಬ್ಬ ಮನುಷ್ಯ ಬ್ಯಾಗು ಹಿಡಿದು ಬಸ್ಸಿನಿಂದ ಇಳಿದ. ಹೋಟೆಲಿನ ಬೆಂಚಿನ ಮೇಲೆ ಕುಳಿತ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವನನ್ನು ನೋಡಿದಳು. ಯಾವ ಗಿರಾಕಿಯನ್ನಾದರೂ ಕೇಳುವಂತೆ, "ಏನು ಕೊಡ್ಲಿ?" ಎಂದಳು. ಅಷ್ಟೇ. ತೆರೆಯ ಮೇಲೆ 'ಶುಭಂ' ಮೂಡಿತು.

ಪೂರಾ ನೋಡಿದ್ದೇನೆ ಎಂದು ಕೌಂಟರಿನ ಆ ಪುಣ್ಯಾತ್ಮ ಬಾಯಿಬಿಟ್ಟು ಹೇಳಿದ್ದ. ಪೂರಾ ನೋಡಿದ ಟೇಪು ಕೊನೆಯಲ್ಲೇ ನಿಂತಿರುತ್ತದೆ ಎಂದು ನನಗೆ ಹೊಳೆಯಲಿಲ್ಲ. ರಿವೈಂಡ್ ಮಾಡದೆ ಕ್ಯಾಸೆಟ್ ವಾಪಸು ಕೊಡುವವರಿಗೆ ಗಂಟೆಗಟ್ಟಲೆ ಬುದ್ಧಿ ಹೇಳುವವನು ನಾನು! ತೆಪ್ಪಗೆ ರಿವೈಂಡ್ ಮಾಡಿದೆ. ಹೋದದ್ದು ನನ್ನದು, ಉಳಿದವರದ್ದಾದರೂ ಉಳಿಯಲಿ ಎಂದು ನಿರ್ಧರಿಸಿ, ಏನೂ ಆಗದವನಂತೆ ನೀರಿನ ಲೋಟಗಳನ್ನು ಜೋಡಿಸಿದೆ.

ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಅರ್ಧ ದಾಟಿದ ಮೇಲೆ ಒಂದು ದೃಶ್ಯ: ಹಬ್ಬದ ದಿನ ಆಕೆ ಎರಡು ಎಲೆ ಹಾಕಿ, ಒಂದರ ಮುಂದೆ ಕುಳಿತು, ಇನ್ನೊಂದನ್ನು ನೋಡುತ್ತಾಳೆ. ವಿಶಾಲು ಅಳತೊಡಗಿದಳು. ಮೊದಲು ಮೂಗೊರೆಸಿಕೊಂಡಳು, ಆಮೇಲೆ ಬಿಕ್ಕಿದಳು. ಅವಳು ಅತ್ತರೆ ನನಗೆ ತಡೆಯುವುದಿಲ್ಲ, ಮದುವೆಯಾದಂದಿನಿಂದಲೂ ಅಷ್ಟೇ. ಅವಳ ಕೈ ಹಿಡಿದುಕೊಂಡು ಸಮಾಧಾನ ಹೇಳಿದೆ: "ಅಳಬೇಡ ಸುಮ್ನಿರು, ಅವನು ವಾಪಸ್ ಬರ್ತಾನೆ. ಇವಳು ಗುರುತೇ ಇಲ್ಲದೋಳ ಹಾಗೆ 'ಏನು ಕೊಡ್ಲಿ' ಅಂತ ಕೇಳ್ತಾಳೆ, ನೋಡ್ತಿರು."

ಶ್ರೀಕಂಠಯ್ಯ ಎದ್ದು ವಿಸಿಆರ್ ನಿಲ್ಲಿಸಿದರು. ಕೋಟ್ಯಾನರು ನಿಧಾನವಾಗಿ ನನ್ನತ್ತ ತಿರುಗಿದರು.

"ಮೂರು ತಿಂಗಳು ನಾನು ಹೊಟ್ಟೆಯಲ್ಲಿ ಇಟ್ಟುಕೊಂಡೆ ಮಾರಾಯ್ರೆ. ನಿಮ್ಗೆ ಒಂದು ಗಂಟೆ ಇಟ್ಟುಕೊಳ್ಳಿಕ್ಕೆ ಆಗ್ಲಿಲ್ವಾ?"

ಉಳಿದ ಚಿತ್ರವನ್ನು ಎಲ್ಲರೂ ಬಲವಂತದ ಮದುವೆಗೆ ಬಂದವರ ಹಾಗೆ ಕೂತು ನೋಡಿದರು. ಕೊನೆಯ ದೃಶ್ಯದಲ್ಲಿ ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಅತಿಥಿಗಳು ಹೊರಟ ಮೇಲೆ ವಿಶಾಲು ಪಂಚಾಂಗ ತೆಗೆದು, ಅಕ್ಕನ ಪತ್ರದ ಎರಡನೆಯ ಹಾಳೆಯನ್ನು ನಿಂತಲ್ಲೇ ಓದಿ, ಮಡಿಚಿ ಇಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಕಾಫಿಯ ಹೊತ್ತಾಯಿತು. ಎಂದಿನಂತೆ ಲೋಟ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ನಾನೇ ಹೋಗಿ ಅಡುಗೆಮನೆಯ ಮೇಜಿನ ಮುಂದೆ ಮೆಲ್ಲಗೆ ಕುಳಿತೆ. ವಿಶಾಲು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ನೋಡಿದಳು.

"ಏನು ಕೊಡ್ಲಿ?" ಎಂದಳು.