ಶನಿವಾರದ ಬಸ್ಸಿನ ವೇಗ

ಪೊಲೀಸ್ ಕೆಲಸದಲ್ಲಿ ನಗು ಬರೋ ಸಂಗತಿಗಳಿಗೆ ಬರವಿಲ್ಲ, ನಗೋದಕ್ಕೆ ಅಪ್ಪಣೆ ಇಲ್ಲ ಅಷ್ಟೇ. ಟೋಪಿ ಹಾಕ್ಕೊಂಡು ರಸ್ತೆ ಪಕ್ಕ ನಿಂತರೆ ಸಾಕು, ಒಂದಲ್ಲ ಒಂದು ತಾನಾಗಿ ಬಂದು ಎದುರು ನಿಲ್ಲುತ್ತೆ. ನಾನಂತೂ ಮೀಸೆಯೊಳಗೇ ನಕ್ಕು ನಕ್ಕು ಸರ್ವಿಸ್ ಮುಗಿಸಿದೆ. ಈಗ ಜೋರಾಗಿ ಹೋದರೆ ಕಂಬದ ಮೇಲಿನ ಕ್ಯಾಮರಾ ಫೋಟೊ ಹೊಡೆದು ದಂಡದ ಚೀಟಿ ಮನೆಗೇ ಕಳಿಸುತ್ತಂತೆ. ಕಳಿಸಲಿ ಬಿಡಿ. ಆದರೆ ಆ ಕ್ಯಾಮರಾ "ಯಾಕಪ್ಪಾ ಇಷ್ಟು ಅವಸರ?" ಅಂತ ಒಂದು ಮಾತು ಕೇಳುತ್ತಾ? ನಾವು ಕೇಳ್ತಿದ್ವಿ. ಕೇಳಿ ಸಿಕ್ಕಿಹಾಕ್ಕೊಂಡಿದ್ದೂ ಉಂಟು.

ಗಾಳಿ ಬಿಡಿ ಸಾರ್

ಎಪ್ಪತ್ತರ ದಶಕದ ಕೊನೆ. ನನ್ನ ಮೊದಲ ಪೋಸ್ಟಿಂಗು ಮಾಲೂರು. ಆಗ ಪೇಟೆಯೊಳಗೆ ಒಂದು ಸೈಕಲ್ ಮೇಲೆ ಇಬ್ಬರು ಹೋಗೋ ಹಾಗಿರಲಿಲ್ಲ. ಸಿಕ್ಕಿಬಿದ್ದವರನ್ನ ಕೋರ್ಟಿಗೆ ಅಲೆಸೋದು ಯಾಕೆ ಅಂತ ನಮ್ಮದೇ ಒಂದು ಶಿಕ್ಷೆ ಇತ್ತು. ಚಕ್ರದ ಗಾಳಿ ಬಿಟ್ಟು, "ತಳ್ಕೊಂಡು ನಡಿ" ಅನ್ನೋದು.

ಒಂದು ಸಂಜೆ ಹೊಸದಾಗಿ ಮದುವೆಯಾದ ಹುಡುಗ ಹೆಂಡತೀನ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಬಂದ. ಹಿಡಿದೆ, ಗಾಳಿ ಬಿಟ್ಟೆ. ಇಬ್ಬರೂ ಸೈಕಲ್ ತಳ್ಕೊಂಡು, ಮಾತಾಡ್ಕೊಂಡು ಹೋದರು. ಮುಂದಿನ ವಾರ ಮತ್ತೆ ಅದೇ ಜೋಡಿ, ಅದೇ ಸೈಕಲ್ಲು. ಈ ಸಲ ನಾನು ಸೀಟಿ ಊದೋಕೆ ಮುಂಚೆ ಅವನೇ ಬಂದು ಎದುರಿಗೆ ನಿಂತ.

"ಏನ್ಲಾ, ಹೋದ ವಾರ ಹೇಳಿದ್ದು ಮರೆತುಹೋಯ್ತಾ?" ಅಂದೆ.

"ಇಲ್ಲ ಸಾರ್. ನಮ್ಮದು ತುಂಬಿದ ಮನೆ. ಇವಳ ಹತ್ರ ನಾಲ್ಕು ಮಾತಾಡೋಕೂ ಜಾಗ ಇಲ್ಲ. ಹೋದ ವಾರ ನಡ್ಕೊಂಡು ಹೋದ್ವಲ್ಲ, ಅವತ್ತೇ ನೋಡಿ ಮನಸ್ಸು ಬಿಚ್ಚಿ ಮಾತಾಡಿದ್ದು."

ಆ ಹುಡುಗಿ ಸೆರಗು ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿದಳು. ನಾನು ಬಗ್ಗಿ ಹಿಂದಿನ ಚಕ್ರದ ಗಾಳಿ ಬಿಟ್ಟೆ.

"ಮುಂದಿನದೂ ಬಿಟ್ಬಿಡಿ ಸಾರ್," ಅಂದ. "ಒಂದೇ ಆದ್ರೆ ನಮ್ಮಮ್ಮ ಇಷ್ಟು ತಡ ಯಾಕೆ ಅಂತ ಕೇಳ್ತಾಳೆ."

ಬಾವುಟದ ಸ್ಟಾಪು

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಆ ಜೋಡೀನ ನೋಡಿ ಹುಚ್ಚರು ಅಂದುಕೊಂಡಿದ್ದೆ. ಆಡಿಕೊಂಡಿದ್ದು ತಿರುಗಿ ನನಗೇ ಬಂತು. ನನ್ನ ಮದುವೆಯಾಯ್ತು, ಹೆಂಡತಿ ಶ್ರೀನಿವಾಸಪುರದಲ್ಲಿ ಸ್ಕೂಲ್ ಮೇಡಂ. ನನ್ನನ್ನ ಮಾಲೂರಿಂದ ಎತ್ತಿ ಮುಳಬಾಗಿಲಿಗೆ ಹಾಕಿದರು. ಶನಿವಾರ ಸಂಜೆ ಬಸ್ಸಲ್ಲಿ ಹೋಗಿ ಸೋಮವಾರ ಮೊದಲನೇ ಬಸ್ಸಿಗೆ ವಾಪಸ್ಸು ಬರಬೇಕು. ವಾರವೆಲ್ಲ ನಾನಿಲ್ಲಿ, ಅವಳಲ್ಲಿ. ಶ್ರೀನಿವಾಸಪುರಕ್ಕೆ ವರ್ಗ ಮಾಡಿಕೊಡಿ ಅಂತ ನಾನು ಅರ್ಜಿ ಕೊಡೋದು, ಇನ್ಸ್‌ಪೆಕ್ಟರು "ನೋಡೋಣ" ಅನ್ನೋದು, ಇದೇ ಆಗಿತ್ತು.

ಹೀಗಿರುವಾಗ ಕೋಲಾರದಿಂದ ಒಂದು ಸ್ಟಾಪ್‌ವಾಚು ಬಂತು. ಹೆದ್ದಾರಿಯಲ್ಲಿ ಎರಡು ಕಡೆ ಸುಣ್ಣದ ಗೆರೆ ಎಳೀಬೇಕು. ಗಾಡಿ ಮೊದಲ ಗೆರೆ ದಾಟಿದ ಕೂಡಲೇ ಅಲ್ಲಿರೋನು ಕೆಂಪು ಬಾವುಟ ಆಡಿಸಬೇಕು, ಈ ತುದಿಯಲ್ಲಿರೋ ನಾನು ವಾಚು ಒತ್ತಬೇಕು. ಎರಡನೇ ಗೆರೆಗೆ ಎಷ್ಟು ಬೇಗ ಬಂತೋ ಅದರ ಮೇಲೆ ವೇಗದ ಲೆಕ್ಕ. ನಮ್ಮ ಹೆಡ್ ಕಾನ್ಸ್‌ಟೇಬಲ್ಲು ಬಾವುಟ ಹಿಡಿದು ನಿಂತರು.

ಕೆಂಪು ಬಾವುಟ ನೋಡಿದ ಮೇಲೆ ಯಾವ ಡ್ರೈವರು ಮುಂದಕ್ಕೆ ಹೋಗ್ತಾನೆ ಹೇಳಿ? ಲಾರಿ ನಿಂತಿತು, ಕಾರು ನಿಂತಿತು, ಬಸ್ಸೂ ನಿಂತಿತು. ಹೆಡ್ಡು ಅಲ್ಲಿಂದ "ಹೋಗ್ರೋ, ಹೋಗ್ರೋ" ಅಂತ ಬಾವುಟ ಇನ್ನೂ ಜೋರಾಗಿ ಆಡಿಸಿದರು. ಅವರು ಇನ್ನೂ ಗಟ್ಟಿಯಾಗಿ ನಿಂತರು. ಪಕ್ಕದ ಹೊಲದಲ್ಲಿದ್ದವರು ಬಸ್ಸು ನಿಲ್ಲೋದು ನೋಡಿ ಸೊಪ್ಪಿನ ಹೊರೆ ಸಮೇತ ಬಂದು ಹತ್ತಿದರು. ಎರಡನೇ ದಿನಕ್ಕೆ ಕಡಲೆಕಾಯಿ ಮಾರೋಳೂ ಬಂದು ಕೂತಳು.

ಸಂಜೆ ಇನ್ಸ್‌ಪೆಕ್ಟರು ಕೇಳಿದರು, "ಎಷ್ಟು ಜನ ಸಿಕ್ಕಿದ್ರು?"

"ಯಾರೂ ಇಲ್ಲ ಸಾರ್. ಎಲ್ಲರೂ ನಿಂತೇ ಇದ್ರು."

ವಾಚು ಕೋಲಾರಕ್ಕೆ ವಾಪಸ್ಸು ಹೋಯ್ತು. ಬಸ್ಸು ಮಾತ್ರ ಇವತ್ತಿಗೂ ಅಲ್ಲಿ ನಿಲ್ಲುತ್ತೆ.

ಅಜ್ಜಿಯ ಹುರುಳಿ

ನಮ್ಮ ಸೀಮೆಯಲ್ಲಿ ಸುಗ್ಗಿ ಬಂತು ಅಂದರೆ ಕಣ ಯಾರಿಗೆ ಬೇಕು, ಸರ್ಕಾರದ ಟಾರು ರಸ್ತೆ ಇಲ್ಲವೇ? ಹುರುಳಿ ಗಿಡ ಕಿತ್ತು ತಂದು ರಸ್ತೆ ತುಂಬ ಹಾಸಿಬಿಡ್ತಾರೆ. ಗಾಡಿಗಳು ತುಳ್ಕೊಂಡು ಹೋದರೆ ಒಕ್ಕಣೆ ತಾನಾಗಿ ಆಗುತ್ತೆ. ದೇವರಾಯಸಮುದ್ರದ ಕೆರೆ ಹತ್ತಿರ ಒಬ್ಬ ಅಜ್ಜಿ ಹೀಗೆ ಹಾಸಿ, ಪೊರಕೆ ಹಿಡಿದು ರಸ್ತೆ ಪಕ್ಕ ಕೂತಿದ್ದಳು. ತೆರವು ಮಾಡಿಸು ಅಂತ ನನಗೆ ಆರ್ಡರಾಯ್ತು.

"ಅಜ್ಜೀ, ತೆಗಿ. ಇದು ಕಾನೂನಿಗೆ ವಿರುದ್ಧ."

"ನಿನ್ನ ಸೀಟಿಗೆ ಯಾವ ಲಾರಿ ನಿಂತೈತೆ ನಾಯನಾ?" ಅಂದಳು ಅಜ್ಜಿ. ಅಷ್ಟರಲ್ಲಿ ಒಂದು ಲಾರಿ ಬಂತು. ಅಜ್ಜಿ ಎದ್ದು ಪೊರಕೆ ಎತ್ತಿ, "ಮೆಲ್ಲಗಾ ಪೋ ನಾಯನಾ, ಮೆಲ್ಲಗಾ!" ಅಂತ ಕೂಗಿದಳು. ಗಿಡ ಚಕ್ರಕ್ಕೆ ಸುತ್ತಿಕೊಂಡರೆ ಕಷ್ಟ ಅಂತ ಡ್ರೈವರು ಬಸುರಿ ಹೆಂಗಸಿನ ಥರ ಹೆಜ್ಜೆ ನೋಡಿ ನೋಡಿ ದಾಟಿಸಿದ.

ಆದರೂ ಆರ್ಡರು ಆರ್ಡರೇ. ಎಲ್ಲಾ ಬಳಿಸಿದೆ. ಅಜ್ಜಿ ನನ್ನ ಮುಖ ನೋಡಿ, "ನಿನ್ನ ಹೆಂಡ್ತಿ ಪಕ್ಕದಲ್ಲಿಲ್ಲ ಅಂತ ಕಾಣ್ತದೆ. ಅದಕ್ಕೇ ಹಿಂಗೆ ಸಿಡಿಸಿಡಿ ಅಂತೀಯ" ಅಂದಳು. ಅವಳಿಗೆ ಹೇಗೆ ಗೊತ್ತಾಯ್ತೋ ದೇವರೇ ಬಲ್ಲ. ಅವತ್ತಿನ್ನೂ ಮಂಗಳವಾರ.

ರಸ್ತೆ ಚೊಕ್ಕಟವಾದ ಮಾರನೇ ದಿನವೇ ಲಾರಿಗಳು ಹಾರೋಕೆ ಶುರುಮಾಡಿದವು. ಒಂದಂತೂ ನಮ್ಮ ಇನ್ಸ್‌ಪೆಕ್ಟರ ಜೀಪನ್ನೇ ಸವರಿಕೊಂಡು ಹೋಯ್ತು. ಜೀಪು ಚರಂಡಿಗಿಳಿಯಿತು, ಸಾಹೇಬರ ಟೋಪಿ ಕೆರೆಗಿಳಿಯಿತು. ಒದ್ದೆ ಟೋಪಿ ಹಿಡ್ಕೊಂಡು ಸ್ಟೇಷನ್ನಿಗೆ ಬಂದೋರೇ ನನ್ನನ್ನ ಕರೆದರು.

"ಹೋಗಿ ಆಯಮ್ಮನ್ನ ಕೇಳ್ಕೊಂಡು ಬಾ, ಇನ್ನೂ ಏನಾದ್ರೂ ಒಕ್ಕೋದು ಬಾಕಿ ಇದ್ಯಾ ಅಂತ."

ಶನಿವಾರ ಮಾತ್ರ

ಈಗ ಬಸ್ಸಿನ ವಿಚಾರಕ್ಕೆ ಬರ್ತೀನಿ. ಮುಳಬಾಗಿಲಿಂದ ಶ್ರೀನಿವಾಸಪುರಕ್ಕೆ ಸಂಜೆ ಒಂದು ಪ್ರೈವೇಟ್ ಬಸ್ಸು. ಅದರ ಮೇಲೆ ಊರೋರು ದೂರು ಕೊಟ್ಟರು. ವಾರವೆಲ್ಲ ಎತ್ತಿನ ಗಾಡಿ ಥರ ಹೋಗುತ್ತೆ, ಶನಿವಾರ ಮಾತ್ರ ಭೂತ ಹಿಡಿದ ಹಾಗೆ ಓಡುತ್ತೆ ಅಂತ. ನಾನು ಶನಿವಾರ ಅದರಲ್ಲೇ ಹೋಗ್ತಿದ್ದೋನು, ನನಗೆ ಹಾಗೆ ಅನ್ನಿಸಿರಲೇ ಇಲ್ಲ. ಇನ್ನೂ ಸ್ವಲ್ಪ ಜೋರಾಗಿ ಹೋಗಬಾರದಾ ಅಂತ ಅನ್ನಿಸ್ತಿತ್ತು.

ಇನ್ಸ್‌ಪೆಕ್ಟರು ನನ್ನನ್ನ ಕರೆದರು. "ಈ ಶನಿವಾರ ಊರಾಚೆ ನಾನೂ ನೀನೂ ನಿಲ್ಲೋಣ. ಆ ಬಸ್ಸು ಹಿಡಿ, ನಿನ್ನ ವರ್ಗದ ಅರ್ಜಿ ನಾನು ಮೇಲಕ್ಕೆ ಕಳಿಸ್ತೀನಿ."

ನನ್ನ ಪೇಚಾಟ ನೋಡಿ! ಬಸ್ಸು ಹಿಡಿದರೆ ಹೆಂಡತಿ ಊರು ಸಿಗುತ್ತೆ, ಆದರೆ ಆ ವಾರ ಹೆಂಡತಿ ಸಿಗಲ್ಲ. ಫೋನಿಲ್ಲ, ಬರಲ್ಲ ಅಂತ ಹೇಳಿ ಕಳಿಸೋಕೂ ದಾರಿಯಿಲ್ಲ. ಹುಣಸೆಮರದ ಕೆಳಗೆ ನಿಂತೆ. ಬಸ್ಸಿನ ಹೊತ್ತು ಮೀರಿದರೂ ಬಸ್ಸಿಲ್ಲ. ಶ್ರೀನಿವಾಸಪುರದ ಸ್ಟ್ಯಾಂಡಲ್ಲಿ ಅವಳು ಆಗಲೇ ಬಂದು ನಿಂತಿರ್ತಾಳೆ ಅಂತ ನನಗೆ ಅದೇ ಯೋಚನೆ.

ಆಮೇಲೆ ಬಂತು ನೋಡಿ, ಧೂಳೆಬ್ಬಿಸಿಕೊಂಡು! ಸೀಟಿ ಊದಿದೆ. ಬ್ರೇಕು ಕಿರ್‍ರೆಂದಿತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದ, ಕಿವಿಯಲ್ಲಿ ಬೀಡಿ.

"ಅಯ್ಯೋ ಸಾರ್, ಮೀರು ಇಕ್ಕಡುನ್ನಾರಾ, ಇಲ್ಲಿದ್ದೀರಾ! ನಾನು ಸ್ಟ್ಯಾಂಡಲ್ಲಿ ಹಾರನ್ ಹೊಡ್ದೂ ಹೊಡ್ದೂ ಸಾಕಾಯ್ತು. ನಿಮಗೆ ಕಾದೇ ಲೇಟಾಗಿದ್ದು. ಬೇಗ ಹತ್ತಿ!"

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ನಾನು ಹುಣಸೆಮರ ನೋಡಿದೆ.

"ಏನಯ್ಯಾ, ಶನಿವಾರ ಮಾತ್ರ ಯಾಕೆ ಈ ಓಟ?" ಅಂತ ಗದರಿಸಿದರು.

ಡ್ರೈವರು ಕೈಮುಗಿದ. "ಇವರ ಮನೆಯೋರು ನನ್ನ ಮಗಳಿಗೆ ಪಾಠ ಹೇಳೋ ಮೇಡಂ ಸಾರ್. ಶನಿವಾರ ಬಂದು ಸ್ಟ್ಯಾಂಡಲ್ಲಿ ನಿಂತಿರ್ತಾರೆ. ಒಂದ್ಸಲ ಲೇಟಾಗಿ ಹೋದೆ. ಇಳಿಯೋರ ಮುಖ ಒಂದೊಂದೇ ನೋಡ್ತಾ ನಿಂತಿದ್ರು, ಇವರೇ ಕೊನೇಲಿ ಇಳಿದ್ರು. ಆಯಮ್ಮನ ಮುಖ ನೋಡಕ್ಕಾಗಲಿಲ್ಲ ಸಾರ್ ನನ್ ಕೈಲಿ. ಅವತ್ತಿಂದ ಶನಿವಾರ ಕಾಲು ತಾನಾಗಿ ಒತ್ತುತ್ತೆ."

ನನಗೆ ಕಣ್ಣು ತುಂಬಿ ಬಂತು, ಧೂಳು ಬಿತ್ತು ಅಂತ ಒರೆಸ್ಕೊಂಡೆ. ಹಿಂದಿನ ಸೀಟಿಂದ ಒಬ್ಬ ಮುದುಕ ಕೂಗಿದ, "ಫೈನ್ ಬೇಗ ಹಾಕಿ ಸ್ವಾಮೀ, ಮೇಡಮ್ಮು ಕಾಯ್ತಿರ್ತಾರೆ!"

ಇನ್ಸ್‌ಪೆಕ್ಟರು ಫೈನ್ ಹಾಕೇ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಹತ್ತು. ಊರು ಸೇರೋ ತನಕ ಇವನು ಜೋರಾಗಿ ಓಡಿಸದ ಹಾಗೆ ನೋಡ್ಕೊ. ಅದೇ ನಿನ್ನ ಡ್ಯೂಟಿ" ಅಂದರು. ನನ್ನ ಜೀವಮಾನದಲ್ಲಿ ಅಂಥ ಕಷ್ಟದ ಡ್ಯೂಟಿ ಇನ್ನೊಂದಿಲ್ಲ. ಡ್ರೈವರು ವೇಗ ಏರಿಸಿದಾಗೆಲ್ಲ ನಾನೇ "ನಿಧಾನ, ನಿಧಾನ" ಅನ್ನಬೇಕು.

ಸ್ಟ್ಯಾಂಡಲ್ಲಿ ಅವಳು ಒಬ್ಬಳೇ ನಿಂತಿದ್ದಳು. ಡ್ರೈವರು ಇಳಿದೋನೇ, "ನಂದೇನೂ ತಪ್ಪಿಲ್ಲ ತಾಯೀ, ಬಸ್ಸು ಹಿಡಿದೋರು ನಿಮ್ಮ ಯಜಮಾನ್ರೇ" ಅಂದುಬಿಟ್ಟ. ಎರಡು ದಿನ ಅವಳು ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ.

ವರ್ಗವೇನೋ ಆಯ್ತು. "ಆ ರಸ್ತೆಯ ಸಾರ್ವಜನಿಕರ ಪ್ರಾಣರಕ್ಷಣೆ ದೃಷ್ಟಿಯಿಂದ ಈ ಕಾನ್ಸ್‌ಟೇಬಲ್ಲು ಹೆಂಡತಿ ಜೊತೆಗಿರುವುದು ಅವಶ್ಯ" ಅಂತ ಇನ್ಸ್‌ಪೆಕ್ಟರು ಬರೆದಿದ್ದರಂತೆ. ಬಸ್ಸು ಅವತ್ತಿಂದ ಶನಿವಾರವೂ ಎತ್ತಿನ ಗಾಡಿಯಾಯ್ತು.

ಈಗ ಇಬ್ಬರೂ ರಿಟೈರಾಗಿ ಶ್ರೀನಿವಾಸಪುರದಲ್ಲೇ ಇದ್ದೀವಿ. ಹಗಲೂ ರಾತ್ರಿ ಒಬ್ಬರ ಮುಖ ಒಬ್ಬರು ನೋಡ್ಕೊಂಡು, ಕಿತ್ತಾಡಿಕೊಂಡು. ಆದರೂ ಶನಿವಾರ ಸಂಜೆ ಮುಳಬಾಗಿಲ ಬಸ್ಸಿನ ಹಾರನ್ ಕೇಳಿದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಹೋಗಿ ನಿಲ್ತಾಳೆ.

ಮೊನ್ನೆ ತಡೆಯಲಾರದೆ ಅಂದೆ, "ನಾನು ಇಲ್ಲೇ ಕೂತಿದ್ದೀನಲ್ಲೇ."

"ಗೊತ್ತು ಕಣ್ರೀ," ಅಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ಆದ್ರೂ ಆ ಬಸ್ಸಿಂದ ಇಳೀತಿದ್ರಲ್ಲ, ಅವರು ನಿಮಗಿಂತ ಚೆನ್ನಾಗಿದ್ರು."