ಪಲ್ಲಾವರಂ ಆಕಾಶದಲ್ಲೊಂದು ಕಾಲುಂಗುರ

ಇಷ್ಟು ವರ್ಷಗಳಾದರೂ ಭಾವ ರಘುರಾಮನ ಮೇಲಿನ ಆ ಸಿಟ್ಟನ್ನು ಮೋನಪ್ಪ ಬಿಟ್ಟಿಲ್ಲ. ಬಿಡುವುದಾದರೂ ಹೇಗೆ? ಅರವತ್ಮೂರರ ದೀಪಾವಳಿ ಊಟದಲ್ಲಿ, ಪಾಯಸ ಬಡಿಸುವ ಹೊತ್ತಿಗೆ, ಮೋನಪ್ಪ ತಾನು ಮಾಡಲಿರುವ ಆಟದ ವಿಮಾನದ ಸುದ್ದಿ ತೆಗೆದದ್ದೇ ತಡ, ಎಲ್ಲರೆದುರು ಅಂದನಲ್ಲ ಆ ಮನುಷ್ಯ!

"ರಾಕೆಟ್ ಗ್ಲೈಡರಾ? ನಾಲ್ಕನೇ ಕ್ಲಾಸು ಓದಿದವನಿಗೆ ಅದೆಲ್ಲ ಎಂತಕೆ ಮಾರಾಯಾ? ಹೋಟೆಲಿನ ಉಗ್ರಾಣದಲ್ಲಿ ಬೇಳೆ ಮೂಟೆ ನೋಡ್ಕೊಂಡಿರು!"

ರಘುರಾಮ ಮದ್ರಾಸಿನ ಗಿಂಡಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಾಲದ್ದಕ್ಕೆ ಮೋನಪ್ಪನ ಹೆಂಡತಿ ಸರಸಳ ಅಣ್ಣ. ಕೊಂಬು ಬರಲು ಇನ್ನೇನು ಬೇಕು?

ಮೋನಪ್ಪ ಎಲೆ ಬಿಟ್ಟು ಎದ್ದೇ ಗುಡುಗಿದ. "ಬರುವ ಆದಿತ್ಯವಾರ ಪಲ್ಲಾವರಂ ಬಯಲಿಗೆ ಬನ್ನಿ ಭಾವ! ಬಾಣದ ಹಾಗೆ ಏರ್ತದೆ, ಗರುಡನ ಹಾಗೆ ತೇಲ್ತದೆ. ಆಗದಿದ್ರೆ ಈ ಮೀಸೆ ಅಲ್ಲೇ ಬೋಳಿಸ್ತೇನೆ!"

ಮೂರ್ ಮಾರ್ಕೆಟ್ಟಿನ ಹಳೆ ಇಂಗ್ಲಿಷ್ ಪುಸ್ತಕದ ಚಿತ್ರವೇ ಗುರು. ಅಕ್ಷರ ದೇವರಿಗೇ ಪ್ರೀತಿ. ಬೂರುಗದ ಹಲಗೆ ಕೆತ್ತಿ ರೆಕ್ಕೆ, ಗಾಳಿಪಟದ ಕಾಗದದ ಹೊದಿಕೆ, ಹೊಟ್ಟೆಗೆ ಉಳಿದಿದ್ದ ದೀಪಾವಳಿ ರಾಕೆಟ್ಟು. ತಾರಸಿಯಿಂದ ಕೈಯಲ್ಲಿ ಎಸೆದು ನೋಡಿದರೆ ಮೂಗೆತ್ತಿ ಮುಗ್ಗರಿಸಿತು. ಮೂಗಿಗೆ ಭಾರ ಬೇಕು! ಹೋಟೆಲಿನವನಿಗೆ ಹೊಳೆದದ್ದು ಪೂರಿ ಹಿಟ್ಟು. ಚಿಟಿಕೆ ಮೆತ್ತಿದ, ಚಿಟಿಕೆ ಕಿತ್ತ. ಮೂರನೆಯ ಸಂಜೆ ಅದು ನೀರಿನ ಮೇಲಿನ ಎಲೆಯಂತೆ ತೇಲಿತು.

ಆದಿತ್ಯವಾರ ರಘುರಾಮ ಪೇಪರಿನಲ್ಲಿ ಸುತ್ತಿದ ಕ್ಷೌರದ ಕತ್ತಿಯ ಸಮೇತ ಹಾಜರು!

"ಸೋಪೂ ತಂದಿದ್ದೇನೆ," ಅಂದ.

ಮೋನಪ್ಪನ ಪಿತ್ತ ನೆತ್ತಿಗೇರಿತು. ಗ್ಲೈಡರನ್ನು ಹಾರಿಸಲು ನೆಟ್ಟ ಕಂಬಿಗೆ ಸಿಕ್ಕಿಸಿ, ಭಾವನ ಕಡೆ ತಿರುಗಿ ಬೈಯತೊಡಗಿದ.

"ಕಾಗೆ! ಇಲ್ಲಿ ಪಾರುಂಗೊ, ನೋಡಿ, ಕಾಗೆ!" ಎಂದು ಸರಸ ಕೂಗಿದಳು.

"ಹೌದು, ಕಾಗೆಯೇ ಇವ!" ಎಂದು ಮೋನಪ್ಪ ಮತ್ತೂ ಬೈದ. ಬೈದು ಮುಗಿಸಿ ಕಡ್ಡಿ ಗೀರಿದ.

ಭುಸ್! ಗ್ಲೈಡರು ತಾಳೆಮರದೆತ್ತರ ಏರಿ, ಮೂಗೆತ್ತಿ, ಲಾಗ ಹೊಡೆದು ರಘುರಾಮನನ್ನೇ ಅಟ್ಟಿಸಿಕೊಂಡು ಬಂತು. ಗಿಂಡಿಯ ಫಿಟ್ಟರು ಪಂಚೆ ಎತ್ತಿ ಓಡಿದ ಓಟವೇನು! ಕೊನೆಗೆ ನೆಲಕ್ಕೆ ಬಡಿದು ಬಲರೆಕ್ಕೆ ಸೀಳಿತು.

"ಮೂಗಿನ ಹಿಟ್ಟೆಲ್ಲಿ?"

"ಕಾಗೆಯ ಹೊಟ್ಟೆಯಲ್ಲಿ," ಅಂದಳು ಸರಸ. "ನಿಮ್ಮ ಬಾಯಿ ಸುಮ್ಮನಿದ್ರೆ ನಾನು ಹೇಳಿದ್ದು ಕೇಳ್ತಿತ್ತು."

ಅತ್ತ ರಘುರಾಮ ಏದುಸಿರಿನಲ್ಲೇ ನೊರೆ ಎಬ್ಬಿಸತೊಡಗಿದ್ದ.

ಸರಸ ಬುತ್ತಿಯ ಅನ್ನ ಹಿಸುಕಿ ಅಂಟು ಮಾಡಿದಳು. ಕತ್ತಿ ಸುತ್ತಿದ್ದ ಪೇಪರನ್ನೇ ಹರಿದು ರೆಕ್ಕೆಗೆ ಅಂಟಿಸಿ ಬಿಸಿಲಿಗೆ ಹಿಡಿದಳು. ಮೋನಪ್ಪ ಎರಡನೆಯ ರಾಕೆಟ್ಟು ಕಟ್ಟಿದ. ಮೂಗಿಗೇನು? ಅವಳು ಬಗ್ಗಿ, ಬೆರಳಿನಿಂದ ಕಾಲುಂಗುರ ಎಳೆದು, ದಾರದಲ್ಲಿ ಬಿಗಿದಳು.

"ಅಪಶಕುನ ಮಾರಾಯ್ತಿ!"

"ನಿಮ್ಮ ಬೋಳು ಮುಖ ನೋಡುದಕ್ಕಿಂತಲಾ? ಸೀಕ್ರಂ, ಬೇಗ ಹಚ್ಚಿ. ಇದು ಸಾಲ, ನೆನಪಿರ್ಲಿ."

ಏರಿತು. ಮದ್ದು ತೀರಿ ಸದ್ದಡಗಿತು. ಆಮೇಲೆ, ಆಹಾ, ಮಟ್ಟಸವಾಗಿ ಒಂದು ಸುತ್ತು, ಎರಡು ಸುತ್ತು! ಕಾದ ನೆಲದ ಬಿಸಿಗಾಳಿ ಅದನ್ನು ಮೇಲೆ ಮೇಲೆ ಎತ್ತಿಕೊಂಡಿತು. ರಘುರಾಮನ ಕೈಯಿಂದ ಬ್ರಷ್ಷು ಜಾರಿತು.

"ಭಲೇ ಭಾವ!"

ಮೋನಪ್ಪ ಬಯಲಲ್ಲಿ ಕುಣಿದೇಬಿಟ್ಟ. ಅಂಥ ಬೆಳಗು ಅವನ ಜೀವನದಲ್ಲಿ ಮತ್ತೆ ಬರಲಿಲ್ಲ.

"ಸಾಕು, ಇನ್ನು ಇಳಿಸಿ," ಅಂದಳು ಸರಸ.

ಕುಣಿತ ನಿಂತಿತು. "ಇಳಿಸುದಾ? ಹೇಗೆ?"

ಆ ವಿಷಯ ಪುಸ್ತಕದ ಅಕ್ಷರಗಳಲ್ಲಿ ಇತ್ತೋ ಏನೋ, ಚಿತ್ರದಲ್ಲಂತೂ ಇರಲಿಲ್ಲ. ಗ್ಲೈಡರು ಪಕ್ಕದ ವಿಮಾನ ನಿಲ್ದಾಣದ ಬೇಲಿ ದಾಟಿತು, ಚುಕ್ಕೆಯಾಯಿತು, ಇಲ್ಲವಾಯಿತು.

ಮರುವಾರ ಮೋನಪ್ಪ ಹೊಸ ಜೋಡಿ ಕಾಲುಂಗುರ ತಂದ.

"ಚಂದ ಉಂಟು," ಅಂದಳು ಸರಸ. "ಆದ್ರೆ ನಾನು ಕೊಟ್ಟದ್ದು ಇದಲ್ಲ. ಅದನ್ನೇ ತನ್ನಿ."

ಇಂದಿಗೂ ತಾರಸಿಯಲ್ಲಿ ಬಟ್ಟೆ ಹರವುವಾಗ ವಿಮಾನ ಹಾದರೆ ಅವಳು ತಲೆ ಎತ್ತುವುದಿಲ್ಲ. ಕಾಲಿನ ಆ ಖಾಲಿ ಬೆರಳನ್ನು ಒಮ್ಮೆ ಆಡಿಸುತ್ತಾಳೆ, ಅಷ್ಟೆ. ಇಡೀ ಹೋಟೆಲನ್ನು ನಡುಗಿಸುವ ಮೋನಪ್ಪ ತೆಪ್ಪಗೆ ಹೋಗಿ ಬಟ್ಟೆಯ ಬಕೆಟ್ಟು ಎತ್ತಿಕೊಳ್ಳುತ್ತಾನೆ.