ಸೇತುವೆಗೆ ಹಿಮ ಹಾಕುವವನು

ಕಳೆದ ಮಾರ್ಚ್‌ನ ಊರಸಭೆಯ ನಡುವೆ ಆರ್ಲೋ ಪೆಟಿಂಗಿಲ್ ಸೇಬಿನ ಪೈ ತಿನ್ನಲು ಎದ್ದು ಹೋದದ್ದೇ ತಪ್ಪಾಯಿತು. ಅಮೆರಿಕದ ವರ್ಮಾಂಟಿನ ನಮ್ಮೂರಲ್ಲಿ ಯಾರಿಗೂ ಬೇಡದ ಕೆಲಸವನ್ನು ಎದುರಿಗಿಲ್ಲದವನ ತಲೆಗೆ ಕಟ್ಟುವುದು ರೂಢಿ. ಬಾಯೊರೆಸಿಕೊಂಡು ಬರುವಷ್ಟರಲ್ಲಿ ಅವನು ಸೇತುವೆಗೆ ಹಿಮ ಹಾಕುವವನಾಗಿ ಚುನಾಯಿತನಾಗಿದ್ದ.

ನಮ್ಮದು ಅಜ್ಜಂದಿರ ಕಾಲದ ಮರದ ಸೇತುವೆ. ಮಳೆ ಹಿಮಕ್ಕೆ ತೊಲೆಗಳು ಕೊಳೆಯದಿರಲೆಂದು ಮೇಲೆ ಚಾವಣಿ, ಪಕ್ಕಕ್ಕೆ ಹಲಗೆಯ ಗೋಡೆ. ಆದರೆ ಚಳಿಗಾಲದಲ್ಲಿ ಊರೆಲ್ಲ ಓಡಾಡುವುದು ಜಾರುಬಂಡಿಯಲ್ಲಿ. ಬರೀ ಹಲಗೆಯ ಮೇಲೆ ಅದು ಜಾರುವುದಿಲ್ಲ. ಹಾಗಾಗಿ ಹಿಮ ಬೀಳದಂತೆ ಕಟ್ಟಿದ ಸೇತುವೆಯೊಳಕ್ಕೆ ಸಲಿಕೆಯಲ್ಲಿ ಹಿಮ ಹೊತ್ತು ಹಾಕಲು ಒಬ್ಬ ಬೇಕು.

ಈ ವರ್ಷದ ಸಭೆಯ ಬೆಳಗ್ಗೆಯೂ ಆರ್ಲೋ ಹಿಮ ಹಾಕಿದ. ನೆರೆಮನೆಯ ಮುದುಕ ಎನಾಸ್ ಬಂಡಿ ನಿಲ್ಲಿಸಿ, ತೆಳುವಾಯಿತು ಎಂದ. ಇನ್ನಷ್ಟು ಹಾಕಿದ. ಹಿಂದೆಯೇ ಬಂದ ಪಾದ್ರಿ, ದಪ್ಪವಾಯಿತು ಎಂದರು. ಕೆರೆದು ತೆಗೆದ. ಹೊರಗೆ ಬಂದು ಬೆನ್ನು ನೆಟ್ಟಗೆ ಮಾಡುವಾಗ ಚಾವಣಿಯ ಹಿಮವೆಲ್ಲ ಜಾರಿ ಅವನ ತಲೆಯ ಮೇಲೇ ಬಿತ್ತು.

ಸಭೆಗೆ ಅವನು ತೊಯ್ದ ಬೆಕ್ಕಿನಂತೆ ಬಂದ. ಆದರೂ ಮುಖದಲ್ಲಿ ಗೆಲುವಿತ್ತು. ಹಳೆಯ ಸೇತುವೆ ಕೆಡವಿ ಚಾವಣಿಯಿಲ್ಲದ ಕಾಂಕ್ರೀಟಿನದು ಕಟ್ಟಬೇಕೇ ಎಂಬುದೇ ಅಂದಿನ ಚರ್ಚೆ. ಕಟ್ಟಿದರೆ ಹಿಮ ತಾನಾಗಿ ಬೀಳುತ್ತದೆ, ಅವನು ಪಾರು.

ಕೆಡವಿ ಎನ್ನಲು ಅವನೇ ಮೊದಲು ಎದ್ದುನಿಂತ.

"ಅದರ ಗೋಳು ನನಗ್ ಗೊತ್ತು. ಗಾಳಿ ಎದ್ರೆ ಗಿರಣಿ ಕಡೆ ಗೋಡೆ ನರಳುತ್ತೆ. ಚಳಿಗೆ ಮರದ ಗೂಟ ಸಡಿಲ ಆಗುತ್ತೆ, ನಾನೇ ಹೋಗಿ ಬಡಿಬೇಕು. ಚಾವಣೀಲಿ ಒಂದು ಹಲಗೆ ಹೋದ್ರೆ ಕೆಳಗಿನ ತೊಲೆ ಕೊಳೆಯುತ್ತೆ ಅಂತ, ಮಳೆ ಬಂದಾಗೆಲ್ಲ ಎದ್ದು ಓಡ್ತೀನಿ. ಇಷ್ಟೆಲ್ಲ ಯಾರ್ ನೋಡ್ಕೋತಾರೆ ಹೇಳಿ?"

ಅಲ್ಲಿಯವರೆಗೆ ಕಾಂಕ್ರೀಟಿನ ಪರವಾಗಿದ್ದ ಎನಾಸ್ ನಿಧಾನವಾಗಿ ಎದ್ದ.

"ನೋಡ್ಕೊಳ್ಳೋರಿಲ್ಲ ಅಂತ ಕೆಡವೋಣ ಅಂದಿದ್ದೆ ಕಣಯ್ಯ. ನೀನಿದ್ದೀಯಲ್ಲ."

ಒಂದೊಂದಾಗಿ ಎಲ್ಲರ ಕೈ ಮೇಲೆದ್ದವು. ಸೇತುವೆ ಉಳಿಯಿತು. ಸಂತೋಷಕ್ಕೆ ನಮ್ಮಲ್ಲಿ ಕೆಲವರ ಕಣ್ಣೂ ತುಂಬಿತು. ಆರ್ಲೋ ಮಾತ್ರ ತೆರೆದ ಬಾಯಿ ಮುಚ್ಚದೆ ನಿಂತಿದ್ದ.

ಈ ಕೆಲಸಕ್ಕೆ ಇನ್ನು ವರ್ಷ ವರ್ಷ ಚುನಾವಣೆ ಬೇಡ, ಆಯುಷ್ಯಪೂರ್ತಿ ಅವನಿಗೇ ಇರಲಿ ಎಂದು ಸೂಚಿಸಿದವಳು ಅವನ ಹೆಂಡತಿ ಡೋರ್ಕಸ್.

"ಮನೆ ಚಾವಣಿ ಸೋರಿದ್ರೆ ಮಗ್ಗುಲು ಬದಲಾಯಿಸಿ ಮಲಗೋ ಮನುಷ್ಯ ಇವರು," ಎಂದಳು. "ಊರಿಗಾದ್ರೂ ಉಪಯೋಗಕ್ಕೆ ಬರ್ಲಿ."